ಟ್ಯಾಂಕರ್‌ಗೆ ಫೋನ್ ಮಾಡುವ ಮೊದಲು: ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬೇಸಿಗೆಯ ನೀರಿನ ಲೆಕ್ಕ

ಶಿವರಾತ್ರಿ ಕಳೆಯುತ್ತಿದ್ದಂತೆ ನನಗೆ ಬರುವ ಪ್ರಶ್ನೆಗಳು ಪ್ರತಿ ವರ್ಷ ಒಂದೇ ಥರ ಇರುತ್ತವೆ. "ನಮ್ಮ ಬೋರು ಗಾಳಿ ಎಳೀತಿದೆ, ಇನ್ನೊಂದು ಕೊರೆಸೋಣವಾ?" "ಟ್ಯಾಂಕರ್‌ನವರು ರೇಟು ಏರಿಸಿದ್ದಾರೆ, ಏನು ಮಾಡೋದು?" "ಮೇಲಿನ ಮನೆಯವರು ನೀರು ಪೋಲು ಮಾಡ್ತಾರೆ, ಹೇಳಿದ್ರೆ ಜಗಳಕ್ಕೆ ಬರ್ತಾರೆ."

ಮೂರಕ್ಕೂ ನಾನು ತಿರುಗಿ ಕೇಳುವುದು ಒಂದೇ ಮಾತು. ನಿಮ್ಮ ಕಟ್ಟಡ ದಿನಕ್ಕೆ ಎಷ್ಟು ಲೀಟರ್ ಬಳಸುತ್ತದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಂಪು ತುಂಬಿದೆಯೋ ಖಾಲಿಯೋ ಅಷ್ಟೇ ಗೊತ್ತು. ಅಳತೆ ಗೊತ್ತಿಲ್ಲದೆ ಬೋರು ಕೊರೆಸಿದರೂ ದುಡ್ಡು ಹೋಗುತ್ತದೆ, ಟ್ಯಾಂಕರ್ ತರಿಸಿದರೂ ಹೋಗುತ್ತದೆ. ಜೊತೆಗೆ ಅಕ್ಕಪಕ್ಕದ ಮನೆಯವರ ಮೇಲೆ ಸುಮ್ನೆ ಅನುಮಾನ. ಅದಕ್ಕೇ ಈ ಲೇಖನ ಅಳತೆಯಿಂದ ಶುರುವಾಗುತ್ತದೆ. ಹತ್ತರಿಂದ ಐವತ್ತು ಮನೆಗಳ ಅಪಾರ್ಟ್‌ಮೆಂಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಸ್ವಂತ ಮನೆಯವರೂ ಇದನ್ನೇ ಚಿಕ್ಕದಾಗಿ ಮಾಡಬಹುದು.

ಇಷ್ಟಕ್ಕೂ ನೀರು ಯಾಕೆ ಸಾಲುತ್ತಿಲ್ಲ?

ಬೆಂಗಳೂರು ದಿಣ್ಣೆಯ ಮೇಲಿರುವ ಊರು. ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಮೊದಲು ಕೆರೆ, ಬಾವಿ. ಆಮೇಲೆ 1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು. ಎರಡೂ ಅರ್ಕಾವತಿಯ ನೀರು. ಕಾವೇರಿ ನೀರು ಬಂದದ್ದು 1974ರಲ್ಲಿ. ಇವತ್ತಿಗೂ ಅದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ನಿಮ್ಮ ನಲ್ಲಿಯಲ್ಲಿ ಬರುವ ಒಂದು ಬಕೆಟ್ ಕಾವೇರಿ ನೀರಿನ ಹಿಂದೆ ಅಷ್ಟು ಕರೆಂಟ್ ಖರ್ಚಾಗಿದೆ.

2007ರಲ್ಲಿ ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದವು. ಮಹದೇವಪುರ, ಬೊಮ್ಮನಹಳ್ಳಿ ಕಡೆ ಕಟ್ಟಡಗಳು ಮೊದಲು ಎದ್ದವು, ಪೈಪು ಆಮೇಲೆ ಬಂತು. ಆ ಹಳ್ಳಿಗಳಿಗೆಂದು ಮಾಡಿದ ಕಾವೇರಿ 5ನೇ ಹಂತ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ನಡುವಿನ ಹದಿನೇಳು ವರ್ಷ ಅಲ್ಲಿಯ ಜನ ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮುಂದಿನ ಮಾರ್ಚ್‌ನಲ್ಲಿ ಬೋರುಗಳು ಒಂದರ ಹಿಂದೆ ಒಂದು ನಿಂತವು.

ಇದರಲ್ಲಿ ಇನ್ನೊಬ್ಬರ ಪಾಲೂ ಇದೆ. ನಮ್ಮ ನಲ್ಲಿಗೆ ಬರುವ ಕಾವೇರಿ ಮಂಡ್ಯದ ಗದ್ದೆಗೂ ಬೇಕು, ತಮಿಳುನಾಡಿಗೂ ಹೋಗಬೇಕು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. 2023ರ ಸೆಪ್ಟೆಂಬರ್‌ನಲ್ಲಿ ಮಂಡ್ಯದ ರೈತರು ರಸ್ತೆಗಿಳಿದದ್ದು, ಒಂದೇ ವಾರದಲ್ಲಿ ಬೆಂಗಳೂರು ಬಂದ್ ಮತ್ತು ಕರ್ನಾಟಕ ಬಂದ್ ಆದದ್ದು ನೆನಪಿದೆ ಅಲ್ವಾ? ನಾವು ಕಾರು ತೊಳೆಯುವ ನೀರಿಗೂ ಆ ಗದ್ದೆಗಳಿಗೂ ಸಂಬಂಧ ಇದೆ ಎಂದು ನಾನು ಮನಸಾರೆ ನಂಬುತ್ತೇನೆ.

ಕೈಯಲ್ಲಿ ಏನೇನು ಇರಬೇಕು

ಅಳತೆಯ ಟೇಪು. ಸಂಪಿನ ತಳ ಮುಟ್ಟುವಷ್ಟು ಉದ್ದದ ಒಣ ಬಿದಿರು ಕೋಲು ಅಥವಾ ಪಿವಿಸಿ ಪೈಪು. 20 ಲೀಟರಿನ ಬಕೆಟ್, ಒಂದು ಲೀಟರಿನ ಮಗ್ಗು, ಟಾರ್ಚು, ನೋಟ್‌ಬುಕ್. ಒಂದು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಲವಣ ಎಷ್ಟಿದೆ ಎಂದು ತೋರಿಸುವ ಪೆನ್ನಿನಂಥ ಸಾಧನ. ಇವೆಲ್ಲಕ್ಕಿಂತ ಮುಖ್ಯವಾಗಿ, ದಿನಾ ಬೆಳಿಗ್ಗೆ ಅದೇ ಸಮಯಕ್ಕೆ ಅಳತೆ ಬರೆಯುವ ಒಬ್ಬರು. ವಾಚ್‌ಮನ್‌ಗೆ ಹೇಳಿ ಕೈ ತೊಳೆದುಕೊಳ್ಳಬೇಡಿ. ಮೊದಲ ಎರಡು ವಾರ ಕಮಿಟಿಯವರೇ ನಿಂತು ಮಾಡಿ.

ಹಂತ 1: ಸಂಪನ್ನು ಅಳೆಯಿರಿ

ಸಂಪಿನ ಉದ್ದ, ಅಗಲ, ನೀರು ನಿಲ್ಲುವ ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ. ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. ನಮ್ಮ ಕಟ್ಟಡದ್ದೇ ಉದಾಹರಣೆ ಕೊಡುತ್ತೇನೆ: 20 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಆಳ. 1,600 ಘನ ಅಡಿ, ಸುಮಾರು 45,000 ಲೀಟರ್.

ಈಗ ಕೋಲಿನ ಮೇಲೆ ಇಂಚಿನ ಗುರುತು ಹಾಕಿ. ನಮ್ಮ ಸಂಪಿನಲ್ಲಿ ಒಂದು ಇಂಚು ನೀರು ಎಂದರೆ ಸುಮಾರು 470 ಲೀಟರ್. ಬೆಳಿಗ್ಗೆ ಕೋಲು ಇಳಿಸಿ ಎತ್ತಿದರೆ ಒದ್ದೆಯ ಗೆರೆ ಎಲ್ಲಿ ನಿಂತಿದೆ ಎಂದು ಕಾಣುತ್ತದೆ. ಬಿದಿರು ಒದ್ದೆಯಾದ ಕಡೆ ಬಣ್ಣ ಗಾಢವಾಗುತ್ತದೆ, ಅರ್ಧ ಇಂಚಿನ ವ್ಯತ್ಯಾಸವೂ ತಿಳಿಯುತ್ತದೆ. ನಿನ್ನೆಯ ಗೆರೆಗೂ ಇವತ್ತಿನ ಗೆರೆಗೂ ಇರುವ ವ್ಯತ್ಯಾಸಕ್ಕೆ ನಡುವೆ ಸಂಪಿಗೆ ಬಂದ ನೀರನ್ನು ಕೂಡಿಸಿ. ಅದೇ ದಿನದ ಬಳಕೆ. ಓವರ್‌ಹೆಡ್ ಟ್ಯಾಂಕು ಎರಡೂ ದಿನ ಒಂದೇ ಮಟ್ಟದಲ್ಲಿದ್ದಾಗ ಅಳೆದರೆ ಲೆಕ್ಕ ಸರಿಬರುತ್ತದೆ.

ಹೋಲಿಸಿ ನೋಡಲು ಒಂದು ಅಂಕಿ: ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎನ್ನುವುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ. 24 ಮನೆ, 84 ಜನ ಎಂದರೆ ದಿನಕ್ಕೆ 11,340 ಲೀಟರ್. ನಿಮ್ಮ ಬಳಕೆ ಇದಕ್ಕಿಂತ ತುಂಬ ಜಾಸ್ತಿ ಇದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ತಿಳಿಯಿರಿ.

ಎಚ್ಚರಿಕೆ: ಅಳೆಯಲೆಂದು, ತೊಳೆಯಲೆಂದು ಯಾರನ್ನೂ ಒಬ್ಬರೇ ಸಂಪಿಗೆ ಇಳಿಸಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡಲು ಗಾಳಿ ಸಾಲುವುದಿಲ್ಲ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಇಳಿದು ಇಬ್ಬರೂ ಸತ್ತ ಸುದ್ದಿಗಳನ್ನು ಮತ್ತೆ ಮತ್ತೆ ಓದುತ್ತಿರುತ್ತೇವೆ. ಇದರಲ್ಲಿ ರಾಜಿ ಬೇಡ.

ಹಂತ 2: ರಾತ್ರಿ ಹೊತ್ತು ಸೋರಿಕೆ ಹಿಡಿಯಿರಿ

ರಾತ್ರಿ 11ಕ್ಕೆ ಮೋಟರ್ ಆಫ್ ಮಾಡಿ. ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ. ಸಂಪು, ಓವರ್‌ಹೆಡ್ ಟ್ಯಾಂಕು ಎರಡರ ಮಟ್ಟ ಬರೆದಿಡಿ. ಬೆಳಿಗ್ಗೆ 4.30ಕ್ಕೆ, ಜನ ಏಳುವ ಮೊದಲು ಮತ್ತೆ ನೋಡಿ.

ಸಂಪಿನ ಮಟ್ಟ ಇಳಿದಿದ್ದರೆ ಸಂಪೇ ಬಿರುಕು ಬಿಟ್ಟಿದೆ. ಇದನ್ನು ತಡಮಾಡದೆ ಸರಿಮಾಡಿಸಿ. ನೀರು ಹೊರಗೆ ಹೋಗುವ ಬಿರುಕಿನಲ್ಲೇ ಮಳೆಗಾಲದಲ್ಲಿ ಚರಂಡಿ ನೀರು ಒಳಗೆ ಬರುತ್ತದೆ. ಓವರ್‌ಹೆಡ್ ಟ್ಯಾಂಕು ನಾಲ್ಕೈದು ಬಕೆಟ್‌ಗಿಂತ ಜಾಸ್ತಿ ಇಳಿದಿದ್ದರೆ ಮನೆಗಳೊಳಗೆ ಫ್ಲಶ್ ಅಥವಾ ನಲ್ಲಿ ಸೋರುತ್ತಿದೆ.

ಫ್ಲಶ್ ಪರೀಕ್ಷೆ ಸುಲಭ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಡಿ. ಅರ್ಧ ಗಂಟೆ ಯಾರೂ ಬಳಸದಿರಲಿ. ಕಮೋಡಿನ ಒಳಗೆ ನೀಲಿ ಗೆರೆ ಇಳಿದಿದ್ದರೆ ಒಳಗಿನ ರಬ್ಬರ್ ವಾಷರ್ ಹೋಗಿದೆ. ಚಿಲ್ಲರೆ ದುಡ್ಡಿನ ರಿಪೇರಿ ಅದು. ಸದ್ದಿಲ್ಲದೆ ಸೋರುವ ಕಾರಣ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯೇ ದಿನಕ್ಕೆ 15ರಿಂದ 20 ಲೀಟರ್ ಕಳೆಯುತ್ತದೆ.

ಜನ ಮರೆಯುವ ಜಾಗ ಇನ್ನೊಂದಿದೆ: ಓವರ್‌ಹೆಡ್ ಟ್ಯಾಂಕಿನ ಓವರ್‌ಫ್ಲೋ ಪೈಪು. ಎಷ್ಟೋ ಕಟ್ಟಡಗಳಲ್ಲಿ ಅದನ್ನು ನೇರವಾಗಿ ಮಳೆನೀರಿನ ಕೊಳವೆಗೆ ಸೇರಿಸಿರುತ್ತಾರೆ. ಟ್ಯಾಂಕು ತುಂಬಿ ಹರಿದರೂ ಕೆಳಗೆ ಗೊತ್ತಾಗುವುದಿಲ್ಲ. ಆ ಪೈಪಿನ ಬಾಯಿ ಎಲ್ಲರಿಗೂ ಕಾಣುವ ಕಡೆ ಇರಲಿ.

ಹಂತ 3: ನಲ್ಲಿ ಮತ್ತು ಫ್ಲಶ್

ಒಂದು ಲೀಟರಿನ ಮಗ್ಗನ್ನು ನಲ್ಲಿಯ ಕೆಳಗೆ ಹಿಡಿದು ಪೂರ್ತಿ ತಿರುಗಿಸಿ. ಆರು ಸೆಕೆಂಡಿನೊಳಗೆ ತುಂಬಿದರೆ ನಿಮಿಷಕ್ಕೆ 10 ಲೀಟರಿಗಿಂತ ಜಾಸ್ತಿ ಹೋಗುತ್ತಿದೆ. ಅಲ್ಲಿ ಏರೇಟರ್ ಹಾಕಿಸಿ. ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಸಣ್ಣ ಜಾಲರಿ ಅದು, ನೀರಿನ ಜೊತೆ ಗಾಳಿ ಬೆರೆಸಿ ಬಿಡುತ್ತದೆ. 2024ರ ಮಾರ್ಚ್‌ನಲ್ಲಿ ನಗರಕ್ಕೆ ನೀರು ಪೂರೈಸುವ ಜಲಮಂಡಳಿ ಇದನ್ನು ಅಪಾರ್ಟ್‌ಮೆಂಟ್, ಹೋಟೆಲ್, ಕಚೇರಿಗಳಿಗೆ ಕಡ್ಡಾಯ ಮಾಡಿತು. ಬೋರ್ ನೀರಿನ ಗಡಸಿಗೆ ಜಾಲರಿ ಬೇಗ ಬಿಳಿಯ ಪೊರೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲಿ ನೆನೆಸಿ ತೊಳೆಯಿರಿ. ಇದನ್ನು ಹೇಳಿಕೊಡದಿದ್ದರೆ ಜನ ಎರಡನೇ ತಿಂಗಳಿಗೇ ಕಿತ್ತು ಬಿಸಾಕುತ್ತಾರೆ. ಬಕೆಟ್ ತುಂಬಿಸುವ ನಲ್ಲಿಗೆ ಏರೇಟರ್ ಬೇಡ, ಪ್ರಯೋಜನವಿಲ್ಲ.

ಹಳೆಯ ಫ್ಲಶ್ ಟ್ಯಾಂಕು ಒಮ್ಮೆಗೆ 10-12 ಲೀಟರ್ ಸುರಿಯುತ್ತದೆ. ಬದಲಿಸಲು ಆಗದಿದ್ದರೆ ನೀರು ತುಂಬಿ ಬಿಗಿಯಾಗಿ ಮುಚ್ಚಿದ ಒಂದು ಲೀಟರಿನ ಬಾಟಲಿ ಒಳಗಿಡಿ. ಇಟ್ಟಿಗೆ ಇಡಬೇಡಿ. ಅದು ಕರಗಿ ಪುಡಿಯಾಗಿ ವಾಲ್ವ್ ಕೆಡಿಸುತ್ತದೆ.

ಆರ್‌ಓ ಫಿಲ್ಟರ್ ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರ್ ಹೊರಹಾಕುತ್ತದೆ. ಆ ಪೈಪನ್ನು ಬಕೆಟ್‌ಗೆ ಬಿಡಿ. ನೆಲ ಒರೆಸಲು, ಫ್ಲಶ್‌ಗೆ ಆಗುತ್ತದೆ. ಗಿಡಕ್ಕೆ ದಿನಾ ಹಾಕಬೇಡಿ, ಮಣ್ಣಿನಲ್ಲಿ ಉಪ್ಪು ಕೂರುತ್ತದೆ.

ಹಂತ 4: ಬೋರ್‌ವೆಲ್ ಆಳ ಮಾಡುವ ಮುಂಚೆ

ಬೋರಿನ ಪೈಪು ಸಂಪಿಗೆ ಬೀಳುವ ಕಡೆ 20 ಲೀಟರಿನ ಬಕೆಟ್ ಹಿಡಿದು ಸೆಕೆಂಡು ಎಣಿಸಿ. 30 ಸೆಕೆಂಡಿಗೆ ತುಂಬಿದರೆ ಗಂಟೆಗೆ 2,400 ಲೀಟರ್. ಮೋಟರ್ ಹಾಕಿದ ಐದನೇ ನಿಮಿಷಕ್ಕೊಮ್ಮೆ, ಒಂದು ಗಂಟೆಯಾದ ಮೇಲೊಮ್ಮೆ ಅಳೆಯಿರಿ. ಮೊದಲು ಜೋರಾಗಿ ಬಂದು ಆಮೇಲೆ ಬುಸ್ ಬುಸ್ ಎಂದು ಗಾಳಿ ಬಂದರೆ ನೀವು ತೆಗೆಯುವ ವೇಗಕ್ಕೆ ಬಂಡೆಯ ಸಂದಿನಿಂದ ನೀರು ಬರುತ್ತಿಲ್ಲ ಎಂದರ್ಥ.

ಆಗ ಮಾಡಬೇಕಾದ ಕೆಲಸ ಬಿಡುವು ಕೊಡುವುದು. ಒಂದು ಗಂಟೆ ಓಡಿಸಿ, ಮೂರು ಗಂಟೆ ನಿಲ್ಲಿಸಿ. ಟೈಮರ್ ಹಾಕಿಸಿ. ನೀರಿಲ್ಲದಾಗ ಮೋಟರ್ ತಾನಾಗಿ ನಿಲ್ಲುವ ಡ್ರೈ ರನ್ ಸ್ವಿಚ್ ಕೂಡ ಇರಲಿ, ಇಲ್ಲದಿದ್ದರೆ ಮೋಟರ್ ಸುಟ್ಟುಹೋಗುತ್ತದೆ. ಇಷ್ಟರಿಂದಲೇ ದಿನದ ಒಟ್ಟು ನೀರು ಜಾಸ್ತಿಯಾಗುವುದನ್ನು ನೋಡಿದ್ದೇನೆ.

ಹೊಸ ಬೋರು ಕೊರೆಸಲು ಅನುಮತಿ ಬೇಕೇ ಬೇಕು. ರಿಗ್‌ನವರು "ಆಮೇಲೆ ನೋಡ್ಕೊಳ್ಳೋಣ ಸಾರ್" ಎಂದರೆ ಕೇಳಬೇಡಿ. ನಿಮ್ಮ ಬೋರು ಇನ್ನೂ ನೂರು ಅಡಿ ಆಳಕ್ಕೆ ಹೋದರೆ ಪಕ್ಕದವರದ್ದು ಬತ್ತಬಹುದು. ಮುಂದಿನ ವರ್ಷ ಅವರು ಇನ್ನೂ ಆಳಕ್ಕೆ ಹೋಗುತ್ತಾರೆ. ಬತ್ತಿದ ಬೋರನ್ನು ತೆರೆದು ಬಿಡಬೇಡಿ. ಮಗು ಬೀಳದಂತೆ ಕಬ್ಬಿಣದ ಮುಚ್ಚಳ ಹಾಕಿ ಬಿಗಿಸಿ.

ಹಂತ 5: ಟ್ಯಾಂಕರ್ ನೀರು ಕೊಳ್ಳುವಾಗ

ನಮ್ಮಲ್ಲಿ ಒಮ್ಮೆ 12,000 ಲೀಟರ್ ಎಂದು ಬಿಲ್ ಕೊಟ್ಟ ಟ್ಯಾಂಕರ್ ಖಾಲಿಯಾದ ಮೇಲೆ ಕೋಲು ಇಳಿಸಿದೆ. 25 ಇಂಚು ಏರಬೇಕಿತ್ತು, ಏರಿದ್ದು 21. ಸುಮಾರು 2,000 ಲೀಟರ್ ಕಡಿಮೆ. ಅದು ಎಷ್ಟು ದಿನದಿಂದ ನಡೆದಿತ್ತೋ. ಅಂದಿನಿಂದ ನಮ್ಮ ನಿಯಮ: ಮೋಟರ್ ಆಫ್, ಕೋಲು ಇಳಿಸು, ನೀರು ಬಿಡಿಸು, ಮತ್ತೆ ಕೋಲು ಇಳಿಸು, ಆಮೇಲೆ ಸಹಿ. ಡ್ರೈವರ್‌ ಮೇಲೆ ಕೂಗಾಡುವ ಅಗತ್ಯವೇ ಬರುವುದಿಲ್ಲ.

ನೀರು ಸಂಪಿಗೆ ಬೀಳುವ ಮೊದಲೇ ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಬಣ್ಣ, ವಾಸನೆ, ಟಿಡಿಎಸ್. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 2,000ದವರೆಗೆ ಬಿಡುತ್ತಾರೆ. ಆದರೆ ಒಂದು ತಪ್ಪು ತಿಳಿವಳಿಕೆ ತುಂಬ ಇದೆ. ಟಿಡಿಎಸ್ ಕಡಿಮೆ ಬಂದರೆ ನೀರು ಶುದ್ಧ ಎಂದಲ್ಲ, ರೋಗಾಣು ಆ ಮೀಟರಿಗೆ ಕಾಣುವುದಿಲ್ಲ. ಬೇಸಿಗೆಗೊಮ್ಮೆಯಾದರೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ನೈಟ್ರೇಟ್ 45 ಮಿಲಿಗ್ರಾಂ ದಾಟಿದ್ದರೆ ಆ ನೀರಿಗೆ ಹೆಚ್ಚಾಗಿ ಕೊಳಚೆ ಸೇರುತ್ತಿದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ.

ರೋಗಾಣುಗಳಿಗೆ ಬ್ಲೀಚಿಂಗ್ ಪೌಡರ್: 1,000 ಲೀಟರಿಗೆ 2.5 ಗ್ರಾಂ, 10,000 ಲೀಟರಿಗೆ 25 ಗ್ರಾಂ. ಬಕೆಟ್‌ನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ಮಾತ್ರ ಸಂಪಿಗೆ ಸುರಿಯಿರಿ. ಒಂದು ಗಂಟೆಯಾದ ಮೇಲೆ ಬಳಸಿ. ಅಂದಾಜಿಗೆ ಹಿಡಿ ಹಿಡಿ ಹಾಕಬೇಡಿ.

ದರದ ವಿಷಯ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ನಾಲ್ಕು ತಿಂಗಳಿಗೆಂದು ದರ ನಿಗದಿ ಮಾಡಿತ್ತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಮಾತುಕತೆಗೆ ಕೂರುವಾಗ ಈ ಅಂಕಿ ಕೈಯಲ್ಲಿರಲಿ. ಒಪ್ಪಂದ ಮಾಡುವುದಿದ್ದರೆ ಜನವರಿಯಲ್ಲೇ ಮಾಡಿ, ಏಪ್ರಿಲ್‌ನಲ್ಲಿ ಚೌಕಾಸಿಗೆ ಜಾಗವಿರುವುದಿಲ್ಲ. ನೀರು ಎಲ್ಲಿಂದ ತರುತ್ತೀರಿ ಎಂದೂ ಕೇಳಿ. ಊರ ಹೊರಗಿನ ಒಂದೇ ಹಳ್ಳಿಯ ಬೋರಿನಿಂದ ಹಗಲೂ ರಾತ್ರಿ ಎಳೆದು ಮಾರಿದರೆ ಆ ಹಳ್ಳಿಯವರ ಬಾವಿ ಬತ್ತುತ್ತದೆ. ಕಾವೇರಿ ನೀರಿನ ತೊಂದರೆಗೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಹಂತ 6: ಹಂಚಿಕೊಳ್ಳುವುದು

ಎಲ್ಲಕ್ಕಿಂತ ಕಷ್ಟದ ಹಂತ ಇದು. ಇಬ್ಬರೇ ಇರುವ ಮನೆಯವರು "ನಾವ್ಯಾಕೆ ಆರು ಜನರಷ್ಟೇ ಟ್ಯಾಂಕರ್ ದುಡ್ಡು ಕೊಡಬೇಕು?" ಎನ್ನುತ್ತಾರೆ. ಆರು ಜನರಿರುವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇರುತ್ತಾರೆ. ಬಾಡಿಗೆಯವರಿಗೆ ಮೀಟಿಂಗಿನಲ್ಲಿ ಕುರ್ಚಿಯೇ ಇರುವುದಿಲ್ಲ. ಎಲ್ಲರ ಮಾತಿನಲ್ಲೂ ನ್ಯಾಯ ಇದೆ. ಹಾಗಾಗಿ ಮೊದಲ ಕೆಲಸ, ಬಾಡಿಗೆಯವರನ್ನೂ ಕೂರಿಸಿಕೊಂಡು ಎರಡು ವಾರದ ಅಳತೆಯ ಪುಟವನ್ನು ಎಲ್ಲರ ಮುಂದಿಡುವುದು.

ಪ್ರತಿ ಮನೆಗೂ ಮೀಟರ್ ಹಾಕಿಸುವುದು ಒಳ್ಳೆಯದು. ಆದರೆ ಹಳೆಯ ಕಟ್ಟಡಗಳಲ್ಲಿ ಒಂದೊಂದು ಬಚ್ಚಲಿಗೂ ಅಡುಗೆಮನೆಗೂ ಬೇರೆ ಬೇರೆ ಪೈಪು ಇಳಿದಿರುತ್ತದೆ, ಒಂದು ಮನೆಗೆ ನಾಲ್ಕು ಮೀಟರ್ ಬೇಕಾಗುತ್ತದೆ. ಪ್ಲಂಬರ್ ಕೈಲಿ ಮೊದಲು ಪೈಪು ಎಣಿಸಿಸಿ. ಆಗದಿದ್ದರೆ ಹೀಗೆ ಮಾಡಿ: ಮೇಂಟೆನೆನ್ಸ್‌ನಲ್ಲಿ ನೀರಿನ ಅರ್ಧ ಖರ್ಚು ಎಲ್ಲ ಮನೆಗೂ ಸಮ, ಇನ್ನರ್ಧ ತಲೆ ಲೆಕ್ಕದಲ್ಲಿ. ಪೂರ್ತಿ ನ್ಯಾಯ ಅಂತ ಹೇಳಲಾರೆ, ಆದರೆ ಜನ ಒಪ್ಪುತ್ತಾರೆ.

ಬಹಳ ಕಮಿಟಿಗಳು ಮಾಡುವ ತಪ್ಪು ಎಂದರೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು ಬಿಡುವುದು. ಜನ ಹೆದರಿ ಇರುವ ಡ್ರಮ್ಮು, ಬಿಂದಿಗೆ, ಪಾತ್ರೆಗಳನ್ನೆಲ್ಲ ತುಂಬುತ್ತಾರೆ. ಮರುದಿನ ಹಳೆಯ ನೀರು ಚೆಲ್ಲಿ ಹೊಸದು ಹಿಡಿಯುತ್ತಾರೆ. ತೆರೆದಿಟ್ಟ ಡ್ರಮ್ಮಿನಲ್ಲಿ ಡೆಂಗಿ ಸೊಳ್ಳೆ ಬೆಳೆಯುತ್ತದೆ. ನನ್ನ ಸಲಹೆ, ಗಂಟೆ ಕಡಿಮೆ ಮಾಡುವ ಬದಲು ವಾಲ್ವ್ ಅರ್ಧ ಮುಚ್ಚಿ ಒತ್ತಡ ಕಡಿಮೆ ಮಾಡಿ. ಮೇಲಿನ ಮಹಡಿಗೆ ಸಾಲುತ್ತದೆಯೇ ಎಂದು ನೋಡಿಕೊಂಡು ಮಾಡಿ. ಓವರ್‌ಹೆಡ್ ಟ್ಯಾಂಕಿಗೆ ಹತ್ತಿರವಿರುವ ಅವರಿಗೇ ಒತ್ತಡ ಎಲ್ಲರಿಗಿಂತ ಕಡಿಮೆ.

ಪಾತ್ರೆ ತೊಳೆಯಲು ಬರುವ ಅಕ್ಕಂದಿರ ಮೇಲೆ ತಪ್ಪು ಹೊರಿಸುವುದನ್ನು ದಯವಿಟ್ಟು ನಿಲ್ಲಿಸಿ. ಎರಡು ಬೇಸಿನ್ ಕೊಟ್ಟು ಒಂದರಲ್ಲಿ ಉಜ್ಜಿ, ಇನ್ನೊಂದರಲ್ಲಿ ಜಾಲಿಸಲು ಹೇಳಿ. ಅವರ ಮನೆಗೆ ನೀರು ಬರುವುದು ನಮಗಿಂತ ಕಡಿಮೆ, ನೀರಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತು.

ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ 2024ರಲ್ಲೂ 2025ರಲ್ಲೂ ಆದೇಶ ಮಾಡಿತ್ತು. ನಿಮ್ಮಲ್ಲಿ ಎಸ್‌ಟಿಪಿ, ಅಂದರೆ ಬಳಸಿದ ನೀರು ಶುದ್ಧ ಮಾಡುವ ಘಟಕ ಇದ್ದರೆ ಆ ನೀರನ್ನು ಈ ಕೆಲಸಗಳಿಗೆ, ಫ್ಲಶ್‌ಗೆ ಬಳಸಿ. ಅದರ ಪೈಪಿಗೆ ಬೇರೆ ಬಣ್ಣ ಬಳಿಯಿರಿ. ಹೊಸ ಪ್ಲಂಬರ್ ಒಬ್ಬ ಅದನ್ನು ಅಡುಗೆಮನೆಗೆ ಜೋಡಿಸಿಬಿಟ್ಟರೆ ಅನಾಹುತ.

ಹಂತ 7: ಮುಂದಿನ ಬೇಸಿಗೆಗೆ ಈ ಮಳೆ

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. 1,000 ಚದರ ಅಡಿ ತಾರಸಿ, ಅಂದರೆ 93 ಚದರ ಮೀಟರ್. ಐದರಲ್ಲಿ ಒಂದು ಪಾಲು ಹೋಯಿತು ಅಂದುಕೊಂಡರೂ ವರ್ಷಕ್ಕೆ ಸುಮಾರು 72,000 ಲೀಟರ್. 12,000ದ ಆರು ಟ್ಯಾಂಕರ್, ನಿಮ್ಮ ತಲೆಯ ಮೇಲೇ ಬಂದು ಬೀಳುತ್ತದೆ.

ಬೆಂಗಳೂರಿನಲ್ಲಿ 60x40 ಸೈಟಿನ ಹಳೆಯ ಕಟ್ಟಡಗಳಿಗೂ 30x40ರ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಮಾಡದಿದ್ದರೆ ನೀರಿನ ಬಿಲ್ಲಿನಲ್ಲಿ ದಂಡ ಬರುತ್ತದೆ. ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಸಂಗ್ರಹ ಥೀಮ್ ಪಾರ್ಕ್ ಇದೆ. ಪ್ಲಂಬರ್‌ನನ್ನೂ ಕರೆದುಕೊಂಡು ಹೋಗಿ.

ಏಪ್ರಿಲ್ ಒಳಗೆ ತಾರಸಿ ಗುಡಿಸಿ, ಕೊಳವೆಯ ಬಾಯಿಗೆ ಜಾಲರಿ ಹಾಕಿ. ಮೊದಲ ಮಳೆಯ ನೀರು ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಹೊತ್ತು ತರುತ್ತದೆ. ಅದನ್ನು ಹೊರಗೆ ಬಿಡಲು ಕೊಳವೆಯ ಕೆಳಗೆ ಬೇರೆ ವಾಲ್ವ್ ಇರಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಅದನ್ನು ಮುಚ್ಚಿ, ಉಳಿದದ್ದನ್ನು ಫಿಲ್ಟರ್ ಮೂಲಕ ಸಂಪಿಗೆ ತಿರುಗಿಸಿ. ಸಂಪು ತುಂಬಿದ ಮೇಲೆ ಉಳಿಯುವ ನೀರಿಗೆ ಇಂಗುಬಾವಿ: 3 ಅಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗು ಇಳಿಸಿದ, ತಳಕ್ಕೆ ಗಾರೆ ಹಾಕದ ಬಾವಿ. ತಾರಸಿ ನೀರನ್ನು ಸೋಸದೆ ನೇರವಾಗಿ ಬೋರಿಗೆ ಬಿಡಬೇಡಿ, ಒಮ್ಮೆ ಕೆಟ್ಟ ಅಂತರ್ಜಲ ಸರಿಯಾಗಲು ವರ್ಷಗಳೇ ಬೇಕು. ಪಾರ್ಕಿಂಗಿನ ಎಣ್ಣೆ, ಬಚ್ಚಲಿನ ನೀರು ಇಂಗುಬಾವಿಗೆ ಸೇರಕೂಡದು.

ಜೋರು ಮಳೆ ಬಂದ ಮರುದಿನ ಇಂಗುಬಾವಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಅದೇ ಕೋಲು ಇಳಿಸಿ ಗೆರೆ ಬರೆದುಕೊಳ್ಳಿ. ಒಂದು ದಿನದಲ್ಲಿ ನೀರು ಚೆನ್ನಾಗಿ ಇಳಿದಿದ್ದರೆ ಬಾವಿ ಕೆಲಸ ಮಾಡುತ್ತಿದೆ. ಎರಡು ಮೂರು ದಿನವಾದರೂ ಗೆರೆ ಅಲ್ಲೇ ನಿಂತಿದ್ದರೆ ತಳದಲ್ಲಿ ಹೂಳು ಕೂತಿದೆ. ಮಳೆ ಬಿಡುವು ಕೊಟ್ಟಾಗ ಬಾವಿ ಕೆಲಸ ಗೊತ್ತಿರುವ ಮಣ್ಣುವಡ್ಡರನ್ನು ಕರೆಸಿ ತೆಗೆಸಿ. ಮೇಲೆ ಹಗ್ಗ ಹಿಡಿದು ಇಬ್ಬರು ನಿಂತಿರಲಿ.